ಗುಂಡಿ ತೋಡಿದವರು ನಾವು

ನಮ್ಮ ಕೇರಿಯ ಮುಂದೆ ಗುಂಡಿ ತೋಡಿದ್ದು 2016ರಲ್ಲಿ. ತೋಡಿದವರು ನಾವೇ. ಟಾರು ರಸ್ತೆಯ ಅಂಚಿಗೆ ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಐದೂವರೆ ಅಡಿ ಆಳ ಇಳೀಬೇಕು, ಮೀಟರಿನ ಲೆಕ್ಕದಲ್ಲಿ ಕೂಲಿ. ಮಣ್ಣು ಬಂದ ಕಡೆ ಗುದ್ದಲಿ, ಕಲ್ಲು ಬಂದ ಕಡೆ ಹಾರೆ. ಗಂಡಸರು ತೋಡಿದರು, ಹೆಂಗಸರು ಬಾಂಡ್ಲಿಯಲ್ಲಿ ಮಣ್ಣು ಹೊತ್ತರು. ಗುಂಡಿಯೊಳಗೆ ನಿಂತರೆ ರಸ್ತೆಯಲ್ಲಿ ಹೋಗೋರಿಗೆ ನಮ್ಮ ತಲೆ ಮಾತ್ರ ಕಾಣ್ತಿತ್ತು.

"ಏನಪ್ಪಾ ಇದು, ನೀರಿನ ಪೈಪಾ?" ಅಂತ ನಮ್ಮಜ್ಜಿ ಕೇಳಿದಳು.

"ನೀರಲ್ಲ ಕಣಜ್ಜಿ, ಇಂಟರ್‌ನೆಟ್ಟು. ಇದ್ರೊಳಗೆ ಬೆಳಕು ಹೋಗ್ತೈತೆ" ಅಂದ ಮೇಸ್ತ್ರಿ.

ಅಜ್ಜಿ ನಕ್ಕಳು. "ನೀರೂ ಹಿಂಗೇ ನಮ್ಮ ಮುಂದ್ಲಿಂದ ಹೋಯ್ತು. ಕರೆಂಟೂ ಹೋಯ್ತು. ಇದೂ ಹೋಗ್ಲಿ ಬಿಡಪ್ಪ."

ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಪೈಪಿನೊಳಗಿನ ತಂತಿಯಲ್ಲಿ ಇರೋದು ಕೂದಲೆಳೆಯಂಥ ಗಾಜಿನ ಎಳೆಗಳು. ನಮ್ಮ ಮಾತು, ಪಟ, ಪಾಠ, ಲೆಕ್ಕ ಎಲ್ಲವೂ ಬೆಳಕಾಗಿ ಅದರಲ್ಲಿ ಹರಿಯುತ್ತವೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಈ ತಂತಿ ಎಳೆಯಬೇಕು ಅಂತ ದಿಲ್ಲಿಯ ಸರ್ಕಾರ 2011ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಆಗ ಅಂದಾಜು 20,000 ಕೋಟಿ ರೂಪಾಯಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಿಟ್ಟರು. 2023ರ ಆಗಸ್ಟಿನಲ್ಲಿ ಇನ್ನೂ 1 ಲಕ್ಷ 39 ಸಾವಿರ ಕೋಟಿಗೆ ಒಪ್ಪಿಗೆ ಕೊಟ್ಟರು.

ದುಡ್ಡು ಯಾರದು? ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ಹಳ್ಳಿಗಾಡಿನ ಸಂಪರ್ಕಕ್ಕಾಗಿ ಒಂದು ನಿಧಿಗೆ ಕಟ್ಟಬೇಕು ಅನ್ನುವ ಕಾನೂನು ಉಂಟು. ತಂತಿಗೆ ಹಣ ಬಂದದ್ದು ಆ ನಿಧಿಯಿಂದ. ಕಂಪನಿಗೆ ಆದಾಯ ಎಲ್ಲಿಂದ? ಕೂಲಿ ದುಡ್ಡಲ್ಲಿ ನಾವು ಹಾಕಿಸಿಕೊಳ್ಳುವ ರೀಚಾರ್ಜಿನಿಂದಲೂ ತಾನೆ? ಹಂಗಾದರೆ ಬೆವರೂ ನಮ್ಮದು, ದುಡ್ಡಿನಲ್ಲೂ ನಮ್ಮದೊಂದು ಪಾಲು.

ಗುಂಡಿ ಊರೊಳಗೆ ಬಂತು. ಗುಡಿಯ ಮುಂದೆ ಐವತ್ತು ಅಡಿ ಬಾಕಿ ಉಳೀತು. "ಅಲ್ಲಿ ನೀವು ಬ್ಯಾಡಿ, ಸುಮ್ಕೆ ಗಲಾಟೆ" ಅಂದ ಗುತ್ತಿಗೆದಾರ. ಆ ಐವತ್ತು ಅಡಿಗೆ ಜೆಸಿಬಿ ತರಿಸಿದರು. ನಾವು ದೂರದಲ್ಲಿ ಕುಂತು ಬೀಡಿ ಸೇದುತ್ತಾ ನೋಡಿದೆವು. ಆಮೇಲೆ ನಾವೇ ಮುಟ್ಟಿ, ಹೆಗಲ ಮೇಲೆ ಹೊತ್ತು ತಂದಿದ್ದ ಪೈಪನ್ನು ಆ ಗುಂಡಿಯೊಳಗೆ ಮಲಗಿಸಿದರು. ಅದಕ್ಕೆ ಯಾರೂ ಗಂಜಲ ಚಿಮುಕಿಸಲಿಲ್ಲ.

ತಂತಿ ಪಂಚಾಯ್ತಿ ಆಫೀಸು ಸೇರಿತು. ಅಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆ ಇರುವ ಕೋಣೆಗೆ ಬೀಗ. ಅಲ್ಲಿಂದ ನಮ್ಮ ಕೇರಿಗೆ ನಾನೂರು ಅಡಿ. ಆ ನಾನೂರು ಅಡಿಯನ್ನು ತಂತಿ ಇವತ್ತಿಗೂ ದಾಟಿಲ್ಲ.

2020ರಲ್ಲಿ ಕೊರೊನಾ ಬಂದು ಸ್ಕೂಲು ಮುಚ್ಚಿದಾಗ ಪಾಠ ಫೋನಿಗೆ ಬಂತು. ಸರ್ಕಾರದ್ದೇ 2017-18ರ ಸಮೀಕ್ಷೆ ಹೇಳಿತ್ತು: ಹಳ್ಳಿಗಳ ನೂರು ಮನೆಗಳಲ್ಲಿ ಇಂಟರ್‌ನೆಟ್ ಸೌಕರ್ಯ ಇದ್ದದ್ದು ಹದಿನೈದಕ್ಕೆ, ಕಂಪ್ಯೂಟರ್ ಇದ್ದದ್ದು ನಾಲ್ಕೈದಕ್ಕೆ. ಉಳಿದ ಮನೆಗಳ ಮಕ್ಕಳು ಏನು ಮಾಡಬೇಕು? ನಮ್ಮ ಕೇರಿಯ ಹತ್ತನೇ ಕ್ಲಾಸಿನ ಹುಡುಗಿಯರಿಬ್ಬರು ಒಂದೇ ಫೋನ್ ಹಿಡಿದು ಪಂಚಾಯ್ತಿ ಹಿಂದಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಗೋಡೆ ದಾಟಿ ವೈಫೈ ಅಷ್ಟು ದೂರ ಬರ್ತಿತ್ತು. ಮೂರನೇ ದಿನ "ಇಲ್ಲೇನ್ರೇ ನಿಮಗೆ ಕೆಲ್ಸ?" ಅಂತ ಅಟ್ಟಿದರು. ಮಾರನೇ ದಿನ ಪಾಸ್‌ವರ್ಡ್ ಬದಲಾಗಿತ್ತು. ಬಾವಿ ಹಗ್ಗ ಎತ್ತಿಟ್ಟುಕೊಳ್ಳುವ ಹಳೇ ಬುದ್ಧಿಗೆ ಇದು ಹೊಸ ಹೆಸರು.

ಆ ಹುಡುಗಿಯರ ಸ್ಕಾಲರ್‌ಶಿಪ್ ಅರ್ಜಿಯೂ ಅದೇ ಪೆಟ್ಟಿಗೆಯಿಂದ ಹೋಗಬೇಕಿತ್ತು. ಹೋದಾಗೆಲ್ಲ "ಸರ್ವರ್ ಡೌನ್, ನಾಳೆ ಬಾ" ಅಂದರು. ಹಿಂದೆ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವ ಓಡಿಸ್ತಿದ್ದರು. ನಾವು ಐದು ನಾಳೆ ಹೋದೆವು. ನಮ್ಮ ಹಿಂದೆ ನಿಂತಿದ್ದವರ ಪಹಣಿ ಮಾತ್ರ ಬಂತು. ಸರ್ವರ್ ಎಲ್ಲರಿಗೂ ಒಂದೇ ಸಲ ಡೌನ್ ಆಗೋದಿಲ್ಲ ಅಂತ ನಮಗೆ ಆವತ್ತು ಗೊತ್ತಾಯ್ತು.

ಉದ್ಯೋಗ ಖಾತ್ರಿ ಕೆಲಸದಲ್ಲೂ 2023ರ ಜನವರಿ 1ರಿಂದ ಹಾಜರಿ ಮೊಬೈಲಿನಲ್ಲೇ ಅಂತ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ ತೆಗೆದು ಏರಿಸಬೇಕು. ನಮ್ಮ ಕೆರೆ ಅಂಗಳದಲ್ಲಿ ಸಿಗ್ನಲ್ ಇಲ್ಲ. ಕಾಯಕ ಬಂಧು ಫೋನ್ ಎತ್ತಿ ಹಿಡಿದು ಏರಿ ಮೇಲೆ ಓಡಾಡುತ್ತಿದ್ದ. ಒಂದು ದಿನ ಫೋಟೊ ಹೋಗಲೇ ಇಲ್ಲ, ಹೂಳು ಹೊತ್ತ ಹದಿನೆಂಟು ಜನರ ಆ ದಿನದ ಕೂಲಿ ಹೋಯ್ತು.

ನಮ್ಮ ತಕರಾರು ಇಷ್ಟೇ. ತಂತಿ ನಮಗೆ ಕೊಡೋದಿಲ್ಲ, ಆದರೆ ಅಕ್ಕಿಗೂ ಅರ್ಜಿಗೂ ಹಾಜರಿಗೂ ತಂತಿಯ ಮೇಲೇ ಬಾ ಅಂತಾರೆ.

ಇದು ಹಕ್ಕಲ್ಲ, ಶೋಕಿ ಅನ್ನೋರಿದ್ದಾರೆ. ಅವರಿಗೆ ಹೇಳ್ತೀವಿ: ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಅಂತ ಕೇರಳ ಹೈಕೋರ್ಟು 2019ರಲ್ಲಿ ಹೇಳಿತು, ಅದೂ ಒಬ್ಬ ಹಾಸ್ಟೆಲ್ ಹುಡುಗಿ ಹೂಡಿದ ಮೊಕದ್ದಮೆಯಲ್ಲಿ. ಅದೇ ರಾಜ್ಯ 2023ರ ಜೂನಿನಲ್ಲಿ ತನ್ನದೇ ಕೆ-ಫೋನ್ ಜಾಲವನ್ನು ಶುರುಮಾಡಿತು. 20 ಲಕ್ಷ ಬಡ ಮನೆಗಳಿಗೆ ಪುಕ್ಕಟೆ ಕೊಡುವ ಗುರಿ ಇಟ್ಟುಕೊಂಡಿತು. ಗುರಿ ಯಾವಾಗ ಮುಟ್ಟುತ್ತೋ ಬೇರೆ ಮಾತು. ಲೆಕ್ಕದಲ್ಲಿ ಬಡವರ ಮನೆ ಅಂತ ಬರೆದರಲ್ಲ, ಅದು ಮುಖ್ಯ.

ಭಾರತ್‌ನೆಟ್ಟಿನ ಹೊಸ ಕಾಗದದಲ್ಲೂ ಪಂಚಾಯ್ತಿ ಕೇಂದ್ರವಲ್ಲದ ಹಳ್ಳಿಗಳಿಗೆ, ಕೇಳಿದರೆ ಕೊಡ್ತೀವಿ ಅಂತ ಇದೆ. ಆದರೆ ಸರ್ಕಾರದ ನಕ್ಷೆಯಲ್ಲಿ ಹಳ್ಳಿ ಅಂದರೆ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಊರೂ ಇದೆ, ಕೇರಿಯೂ ಇದೆ ಅಂತ ನಕ್ಷೆಗೆ ಗೊತ್ತಿಲ್ಲ. ಊರಿಗೆ ಮುಟ್ಟಿದರೆ ಹಳ್ಳಿಗೆ ಮುಟ್ಟಿತು ಅಂತ ಬರೆದುಕೊಳ್ಳುತ್ತಾರೆ.

ಮಹಾಡದ ಚೌದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಕಾಗದದಲ್ಲಿ ಎಲ್ಲರಿಗೂ ತೆರೆದಿತ್ತು. ನೀರು ಮಾತ್ರ ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿಯಬೇಕಾಯಿತು. ಕಾಗದಕ್ಕೂ ನೀರಿಗೂ ಇರುವ ದೂರವನ್ನು ನಮ್ಮ ಜನ ನಡೆದೇ ದಾಟಿದ್ದು.

ಅದಕ್ಕೇ ಈ ಸಲದ ಗ್ರಾಮಸಭೆಗೆ ನಾವೆಲ್ಲ ಹೋಗ್ತಾ ಇದ್ದೀವಿ. ಅರ್ಜಿಯನ್ನು ಆ ಇಬ್ಬರು ಹುಡುಗಿಯರೇ ಬರೆದಿದ್ದಾರೆ. ಕೇರಿಯ ಅಂಬೇಡ್ಕರ್ ಭವನಕ್ಕೆ ಒಂದು ಸಂಪರ್ಕ, ಅದರ ಬೀಗದ ಕೈ ಕೇರಿಯವರ ಹತ್ತಿರ. ಇಷ್ಟೇ ಇರೋದು ಅದರಲ್ಲಿ. ನಾನೂರು ಅಡಿ ತೋಡೋರು ಯಾರು ಅಂತ ಕೇಳಿದರೆ ನಾವೇ ತೋಡ್ತೀವಿ. ಗುಡಿ ಮುಂದಿನ ಐವತ್ತು ಅಡಿಯಿದ್ದರೆ ಅದನ್ನೂ ತೋಡ್ತೀವಿ.

ಕೂಲಿ ಮಾತ್ರ ಮೊದಲೇ ಗೊತ್ತುಮಾಡಿ. ಬಿಟ್ಟಿ ಮಾಡೋ ಕಾಲ ನಮ್ಮಜ್ಜಿಗೇ ಮುಗೀತು.