ವರದೆಯ ಮೂಲದಲ್ಲಿ ಹಡಗಿನ ಲೆಕ್ಕ

ಕೊನೆಕೊಯ್ಲಿನ ಗಡಿಬಿಡಿಯ ನಡುವೆ ಒಂದು ದಿನ ಬಿಡುವು ದೊರಕಿದಾಗ ವರದಮೂಲವನ್ನು ನೋಡಿಕೊಂಡು ಬರೋಣವೆಂದು ನಾವು ಹೊರಟೆವು. ಸಾಗರದ ಪೇಟೆಗೆ ಅದು ದೂರದ ಸ್ಥಳವೇನೂ ಅಲ್ಲ. ಇಕ್ಕೇರಿಯ ದಾರಿ ಹಿಡಿದು ಬೆಳಗಿನ ಕಾಫಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹಿಂದಿರುಗಬಹುದು. ಹತ್ತಿರದ ಕ್ಷೇತ್ರವನ್ನು ಹತ್ತಿರದವರೇ ನೋಡಿರುವುದಿಲ್ಲವೆಂಬ ಮಾತು ನಮ್ಮ ವಿಷಯದಲ್ಲಿಯೂ ನಿಜವಾಗಿದ್ದಿತು. ಮಂಗಳೂರಿನಲ್ಲಿ ಹಡಗಿನ ಸರಕುಗಳ ಕಾಗದಪತ್ರಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ರಜೆಗೆಂದು ಬಂದಿದ್ದನು. ಅವನು, ನಮ್ಮ ಮನೆಯಾಕೆ, ನಾವು, ಹೀಗೆ ಮೂವರ ಸವಾರಿ.

ಇಕ್ಕೇರಿಯಲ್ಲಿ ಇಳಿಯದೆ ಮುಂದೆ ಹೋಗುವುದು ಸಾಧ್ಯವೆ? ಅಘೋರೇಶ್ವರನ ಗುಡಿಯ ಶಿಲ್ಪವನ್ನು ಬಲ್ಲವರು ಬಹಳ ವರ್ಣಿಸಿದ್ದಾರೆ. ಆ ಕೆಲಸಕ್ಕೆ ನಾವು ಕೈಹಾಕುವುದಿಲ್ಲ. ನಮಗೆ ಅಲ್ಲಿ ಬೇಕಾಗಿದ್ದುದು ಎರಡು ಕಂಬಗಳ ನಡುವಣ ಬಯಲು ಮಾತ್ರ. ಈ ಗುಡಿಯ ನಡುಗಂಬಗಳ ಅಂತರವನ್ನೇ ತೋಟದ ಭೂಮಿಯ ಅಳತೆಗೆ ಪ್ರಮಾಣವಾಗಿ ಇಟ್ಟುಕೊಂಡಿದ್ದರೆಂದು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ. ಹದಿನೆಂಟು ಅಡಿ ಆರು ಅಂಗುಲದ ಆ ಕೋಲು ಒಂದು ಮರಕ್ಕೆ ಬಿಡುವ ಸ್ಥಳ. ಅದಕ್ಕೆ ‘ದಾಯ’ವೆಂದು ಹೆಸರು. ಅಂಥ ಸಾವಿರ ದಾಯಗಳ ಮೇಲೆ ಶಿವಪ್ಪನಾಯಕನ (1645–1660) ತೋಟದ ಶಿಸ್ತು ನಿಂತಿತ್ತು. ಗದ್ದೆಗಳಿಗೆ ಕಂದಾಯ ಕಟ್ಟುವುದಕ್ಕೆ ಮುಂಚೆ ಅವನು ಊರೂರಿನಲ್ಲಿ ತರತರದ ಒಂದೊಂದು ಭೂಮಿಯನ್ನು ಹನ್ನೆರಡು ವರ್ಷ ಸ್ವಂತ ಖರ್ಚಿನಲ್ಲಿ ಸಾಗುಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಸಿದನೆಂಬುದು ಈ ಸೀಮೆಯಲ್ಲಿ ಬಂದಿರುವ ಐತಿಹ್ಯ. ತೆರಿಗೆ ಹಾಕುವ ದೊರೆಗಳು ಬಹಳ. ಹಾಕುವ ಮುಂಚೆ ಹನ್ನೆರಡು ವರ್ಷ ಕಾದವರು ವಿರಳ.

ಸೋದರಳಿಯನು ಕಂಬದಿಂದ ಕಂಬಕ್ಕೆ ಹೆಜ್ಜೆಯಿಟ್ಟು ನೋಡಿ, “ಮಾವ, ಇಲ್ಲಿ ಕಲ್ಲೇ ಸಾಕ್ಷಿ, ನಮಗೆ ಬಂದರಿನಲ್ಲಿ ಕಾಗದವಷ್ಟೇ ಸಾಕ್ಷಿ,” ಎಂದನು.

ಇಕ್ಕೇರಿಯಿಂದ ಮುಂದೆ ದಾರಿಯ ಎರಡು ಕಡೆಯಲ್ಲಿಯೂ ಗದ್ದೆ, ಅದರಾಚೆ ಅಡಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ. ಈ ಹಸುರಿನ ಮಡಿಲಲ್ಲಿ ವರದಾಂಬೆಯ ಗುಡಿ, ಅದರ ಬಳಿ ಲಕ್ಷ್ಮೀತೀರ್ಥವೆಂಬ ಕೊಳ. ಬನವಾಸಿಯನ್ನು ಬಳಸಿ ಹರಿಯುವ, ಕೊನೆಗೆ ಹಾವೇರಿಯ ಸೀಮೆಯಲ್ಲಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ನದಿಯು ಇಲ್ಲಿ ಒಂದು ಕೊಡದಲ್ಲಿ ಎತ್ತಿಕೊಳ್ಳುವಷ್ಟು ಸಣ್ಣದು. ಮನೆಯಾಕೆ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಗುಡಿಯೊಳಕ್ಕೆ ಹೋದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು.

ಅಲ್ಲಿ ಕುಳಿತಾಗ ನಮಗೆ ತೋರಿದ ಒಂದು ಸಂಗತಿ ಇದು. ಇಲ್ಲಿಂದ ಪಡುವಣ ಕಡಲಿಗೆ ನೇರವಾಗಿ ಗೆರೆಯೆಳೆದರೆ ಮೂವತ್ತು ಮೂವತ್ತೈದು ಮೈಲಿಗಿಂತ ಹೆಚ್ಚಾಗದು. ಆದರೆ ವರದೆಯು ಆ ಕಡೆ ಮುಖ ಹಾಕದೆ ಬಡಗಣಕ್ಕೆ ಹರಿದು, ತುಂಗಭದ್ರೆ ಕೃಷ್ಣೆಯರ ಕೈಹಿಡಿದು ಮೂಡಣ ಸಮುದ್ರಕ್ಕೆ ಹೋಗುತ್ತಾಳೆ. ಅವಳ ನೀರಿನಲ್ಲಿ ಬೆಳೆದ ಮೆಣಸಾದರೋ ಶತಮಾನಗಳಿಂದ ಘಟ್ಟವಿಳಿದು ಪಡುವಣಕ್ಕೇ ಹೋಗಿದೆ. ನೀರಿಗೆ ದಾರಿಯನ್ನು ಇಳಿಜಾರು ತೋರಿಸುತ್ತದೆ. ಸರಕಿಗೆ ದಾರಿಯನ್ನು ತೋರಿಸುವುದು ಅದರ ಜೊತೆಗೆ ಹೋಗುವ ಕಾಗದ.

ಆ ಕಾಗದದ ವಿಷಯದಲ್ಲಿ ನಾವು ಪಟ್ಟ ಪಾಡನ್ನು ಇಲ್ಲಿ ಹೇಳಿಬಿಡುವುದು ಮೇಲು. ಎರಡು ವರ್ಷಗಳ ಹಿಂದೆ ನಮ್ಮ ಸುತ್ತಿನ ಏಳು ಮನೆಯವರು ಸೇರಿ ಮೆಣಸನ್ನು ನಾವೇ ಹೊರದೇಶಕ್ಕೆ ಕಳುಹಿಸೋಣವೆಂದು ನಿಶ್ಚಯಿಸಿದೆವು. ಮೆಣಸು ಚೆನ್ನಾಗಿ ಒಣಗಿತ್ತು, ಕಸಕಡ್ಡಿ ಇರಲಿಲ್ಲ, ಕೊಳ್ಳುವವರೂ ಒಪ್ಪಿದ್ದರು. ಲೆಕ್ಕವನ್ನು ಬರೆದುಕೊಡುವ ಭಾರ ನಮ್ಮದು. ಕೈಗೆ ಸಿಕ್ಕಿದ ಮದುವೆಯ ಕರೆಯೋಲೆಯ ಬೆನ್ನಿನಲ್ಲಿ “ಮೆಣಸು 200 ಚೀಲ, 10,000 ಕಿಲೋ” ಎಂದು ಬರೆದುಕೊಟ್ಟೆವು. ಕಾಗದ ಮಾಡುವವರು ಅದನ್ನು ಚೀಲವೂ ಸೇರಿದ ತೂಕವೆಂದು ತಿಳಿದು, ಗೋಣಿಯ ತೂಕ 120 ಕಿಲೋ ಕಳೆದು, ಒಂದು ಪಟ್ಟಿಯಲ್ಲಿ ನಿವ್ವಳ 9,880 ಎಂದು ಹಾಕಿದರು. ಬೆಲೆಪಟ್ಟಿಯಲ್ಲಿ 10,000 ಎಂದೇ ಉಳಿಯಿತು. ಬಂದರಿನಲ್ಲಿ ತೂಗಿದಾಗ ಚೀಲ ಸೇರಿ 10,120 ಬಂದುದರಿಂದ ಹಡಗಿನ ರಶೀದಿಯಲ್ಲಿ, ಅಂದರೆ ಬಿಲ್ ಆಫ್ ಲೇಡಿಂಗಿನಲ್ಲಿ, ಆ ಅಂಕಿ ಬಿದ್ದಿತು. ಒಂದೇ ಮೆಣಸಿಗೆ ಮೂರು ತೂಕ!

ಆಚೆಯ ದೇಶದ ಸುಂಕದವರು ಇದನ್ನು ಕಂಡು ಪೆಟ್ಟಿಗೆಯನ್ನು ತಡೆದರು. 9,880 ಕಿಲೋ ಇದ್ದರೆ 10,000 ಕಿಲೋಗೆ ಹಣವೇಕೆ? 10,000 ಇದ್ದರೆ ಈ ಪಟ್ಟಿ ಸುಳ್ಳೇಕೆ? ಅವರು ಕೇಳಿದುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಉತ್ತರ ಪ್ರತ್ಯುತ್ತರಗಳಲ್ಲಿ ಇಪ್ಪತ್ತಮೂರು ದಿನ ಕಳೆಯಿತು. ಪೆಟ್ಟಿಗೆಯ ಬಾಡಿಗೆ, ಬಂದರಿನ ನೆಲಬಾಡಿಗೆಗಳು ದಿನವಹಿ ಏರಿದವು. ಏಳು ಮನೆಗಳ ಆ ವರ್ಷದ ಮೆಣಸಿನ ಲಾಭ ಅಲ್ಲಿಯೇ ಕರಗಿತು. ಒಂದು ಮನೆಯಲ್ಲಿ ಮಗಳ ಕಾಲೇಜಿನ ಹಣಕ್ಕೆ ಬಂಗಾರವನ್ನು ಅಡವಿಡಬೇಕಾಯಿತು. ಗುಮಾಸ್ತರ ಮೇಲೆ ನಾವು ಬಹಳ ರೇಗಿದೆವು. ಸೋದರಳಿಯನು ಎಲ್ಲ ಕಾಗದಗಳನ್ನೂ ತರಿಸಿ ನೋಡಿ ಕೇಳಿದ ಪ್ರಶ್ನೆ ಒಂದೇ: “ಮಾವ, ನಿಮ್ಮ ಹತ್ತು ಸಾವಿರ ಕಿಲೋ ಚೀಲದೊಳಗಿನದೋ, ಚೀಲವೂ ಸೇರಿದ್ದೋ?” ತಪ್ಪಿನ ಮೂಲವು ಕರೆಯೋಲೆಯ ಬೆನ್ನಿನಲ್ಲಿಯೇ ಇದ್ದಿತು.

ಈ ದಿನವೂ ಅವನು ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೆನಪಿಸಿ ನಕ್ಕನು. ಅವನ ಉದ್ಯೋಗದ ಮಾತಿನಲ್ಲಿ ಸರಕಿನ ವಿಷಯವಾಗಿ ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ: ಏನು, ಎಷ್ಟು, ಯಾವ ನೆಲದ್ದು, ಯಾವ ಬೆಲೆಯದು, ಯಾರಿಂದ ಯಾರಿಗೆ. ‘ಏನು’ ಎಂಬುದಕ್ಕೆ 1988ರಿಂದ ಜಗತ್ತಿಗೆಲ್ಲ ಒಂದೇ ಆರು ಅಂಕಿಗಳ ಗುರುತಿನ ಕ್ರಮ ನಡೆದುಬಂದಿದೆ. ಇಡಿಯ ಕರಿಮೆಣಸಿಗೆ 0904.11, ಪುಡಿ ಮಾಡಿದರೆ 0904.12. ನಮ್ಮ ಅಡಕೆಗೆ ಮಾತ್ರ ಬಹುಕಾಲ ಸ್ವಂತ ಅಂಕಿಯಿರಲಿಲ್ಲ. ಇತರ ಬೀಜಕಾಯಿಗಳ ಗುಂಪಿನಲ್ಲಿ ಸೇರಿಕೊಂಡಿದ್ದು, 2012ರಲ್ಲಿ 0802.80 ಎಂಬ ಅಂಕಿಯನ್ನು ಪಡೆಯಿತು. ಮಂಡಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಗೊರಬಲು, ಕೆಂಪುಗೋಟು, ಸಿಪ್ಪೆಗೋಟು ಎಂದು ಹೆಸರು ಹಿಡಿದು ಕರೆಯುವ ನಮಗೆ ಇದು ಬಡ ಹೆಸರಾಗಿ ಕಾಣಬಹುದು. ಆದರೆ ರಾಶಿಯ ಚೀಲದ ತಳದಲ್ಲಿ ಗೊರಬಲು ತುಂಬಿದವನಿಗೆ ಮಂಡಿಯಲ್ಲಿ ಏನಾಗುವುದೆಂಬುದು ನಮಗೆ ಗೊತ್ತಷ್ಟೆ. ಕಡಲ ಮೇಲೆಯೂ ನ್ಯಾಯ ಅದೇ.

ಭಾರತದಲ್ಲಿ 2011ರಿಂದ ಆಮದು ರಫ್ತುಗಳನ್ನು ಮಾಡುವವನೇ ತನ್ನ ಸರಕಿನ ವರ್ಗವನ್ನೂ ಬೆಲೆಯನ್ನೂ ಸುಂಕವನ್ನೂ ಕಟ್ಟಿ ಹೇಳಿಕೊಳ್ಳುವ ಪದ್ಧತಿ ಬಂದಿದೆ. ಅಧಿಕಾರಿಗಳು ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚುವುದಿಲ್ಲ. ಅಂಕಿಗಳು ಒಂದಕ್ಕೊಂದು ಒಪ್ಪದಿದ್ದ ಕಡೆ ಕೈಹಾಕುತ್ತಾರೆ. ತಿಳಿದೂ ಸುಳ್ಳು ಬರೆದವನಿಗೆ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕುವ ಅವಕಾಶ ಸುಂಕದ ಕಾನೂನಿನಲ್ಲಿದೆ.

ತೂಕದ ತಪ್ಪು ಹಣವನ್ನು ಮಾತ್ರ ತಿನ್ನುವುದೆಂದು ನಾವು ತಿಳಿದಿದ್ದೆವು. ಅವನು ಹೇಳಿದ ವೃತ್ತಾಂತವೇ ಬೇರೆ. 2007ರ ಜನವರಿಯಲ್ಲಿ ಇಂಗ್ಲೆಂಡಿನ ತೆಂಕಣ ಕಡಲಿನಲ್ಲಿ ‘ಎಂ.ಎಸ್.ಸಿ. ನಾಪೋಲಿ’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡಲು ಬಿರಿಯಿತು. ಅದರಲ್ಲಿದ್ದ 26 ಮಂದಿ ಬದುಕಿ ಉಳಿದರು. ಹಡಗಿನ ಕಟ್ಟಡದಲ್ಲಿಯೇ ಬಲ ಸಾಲದೆಂಬುದು ಮುಖ್ಯ ಕಾರಣವಾಗಿ ಕಂಡುಬಂದರೂ, ಮೇಲಣ ಅಟ್ಟದಲ್ಲಿ ನೀರು ತಾಗದೆ ಉಳಿದಿದ್ದ 660 ಪೆಟ್ಟಿಗೆಗಳನ್ನು ತೂಗಿ ನೋಡಿದಾಗ 137ರಲ್ಲಿ ಕಾಗದದ ತೂಕಕ್ಕೂ ದಿಟವಾದ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ಅಂತರವಿತ್ತು; ಒಂದರಲ್ಲಂತೂ ಇಪ್ಪತ್ತು ಟನ್ನು. ಪೆಟ್ಟಿಗೆಯ ಒಟ್ಟು ತೂಕವನ್ನು ತೂಗಿ ದೃಢಪಡಿಸದ ಹೊರತು ಹಡಗಿಗೆ ಏರಿಸಕೂಡದೆಂಬ ನಿಯಮ 2016ರ ಜುಲೈ 1ರಿಂದ ಜಗತ್ತಿನಲ್ಲೆಲ್ಲ ಜಾರಿಗೆ ಬಂದಿತು. ನಮ್ಮ ಮೆಣಸು ಬಂದರಿನಲ್ಲಿ ತೂಗಿಸಿಕೊಂಡುದು ಈ ನಿಯಮದಿಂದಲೇ.

ಇವೆಲ್ಲ ಈ ಕಾಲದ ಕಟ್ಟಳೆಗಳೆಂದು ವಾಚಕರು ತಿಳಿಯಬೇಕಾಗಿಲ್ಲ. ನಾವು ಬೆಳಗ್ಗೆ ನಿಂತಿದ್ದ ಇಕ್ಕೇರಿಗೆ 1623ರ ನವಂಬರಿನಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಾಲೆ ಎಂಬ ಪ್ರವಾಸಿಯು ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಬಂದಿದ್ದನು. ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪನಾಯಕನ ಒಡ್ಡೋಲಗಕ್ಕೆ ಬಂದ ಈ ಮಂದಿಯ ವ್ಯವಹಾರದಲ್ಲಿ ಮೆಣಸಿನದು ದೊಡ್ಡ ಪಾಲು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಈ ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ನಾಲ್ವರು ಹುಡುಗರು ನುಣ್ಣನೆಯ ಮರಳು ಹರಡಿಕೊಂಡು, ಅಂಕಿಗಳನ್ನು ರಾಗವಾಗಿ ಹಾಡುತ್ತ, ಹಾಡಿದುದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡು ಮೆಚ್ಚಿ ಬರೆದಿಟ್ಟಿದ್ದಾನೆ. ಒಬ್ಬನು ತಪ್ಪಿದರೆ ಉಳಿದವರು ತಿದ್ದುವರು. ಉಪಾಧ್ಯಾಯರು ಎದುರಿಗಿರಬೇಕಾದುದೇ ಇಲ್ಲ. ನಮ್ಮ ಮೂರು ಕಾಗದಗಳನ್ನು ಆ ಹುಡುಗರ ಕೈಗೆ ಕೊಟ್ಟಿದ್ದರೆ ಇಪ್ಪತ್ತಮೂರು ದಿನ ಉಳಿಯುತ್ತಿತ್ತೇನೋ!

ಆ ಕಾಲದಲ್ಲಿ ಭಟ್ಕಳ, ಬಸರೂರು, ಹೊನ್ನಾವರಗಳಿಂದ ಹೊರಡುವ ಹಡಗು ಪೋರ್ಚುಗೀಸರ ರಹದಾರಿ ಪತ್ರವನ್ನು ಹೊಂದಿರಬೇಕಾಗಿತ್ತು. ಅದಕ್ಕೆ ಅವರು ‘ಕಾರ್ತಾಜ್’ ಎನ್ನುತ್ತಿದ್ದರು. ಹಡಗಿನ ಹೆಸರು, ಅದರ ಗಾತ್ರ, ನಾಖುದನ ಹೆಸರು, ಆಯುಧಗಳೆಷ್ಟು, ಹೋಗುವುದೆಲ್ಲಿಗೆ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಬೇಡವೆಂದ ಸರಕು ಒಳಗಿರಕೂಡದು. ಪತ್ರವಿಲ್ಲದಿದ್ದರೆ, ಅಥವಾ ಪತ್ರಕ್ಕೂ ಹಡಗಿಗೂ ಹೊಂದದಿದ್ದರೆ, ಹಡಗನ್ನೇ ಹಿಡಿದುಕೊಳ್ಳುವರು. ಕೆಳದಿಯ ಅರಸರಿಗೂ ಅವರಿಗೂ 1678ರಲ್ಲಿ, 1714ರಲ್ಲಿ ಆದ ಒಪ್ಪಂದಗಳ ಹಿಂದೆ ಈ ಕಡಲಿನ ಜಗಳವೇ ಇದ್ದಿತು. ಹಾಗೆಂದು ಇಂದಿನ ಕಾಗದವನ್ನೂ ಆ ಕಾರ್ತಾಜನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಅದು ಫಿರಂಗಿಯುಳ್ಳವನು ಇಲ್ಲದವನಿಂದ ಕಸಿದುಕೊಂಡ ಕಾಣಿಕೆ. ಇದು ದೇಶಗಳು ಕೂಡಿ ಕುಳಿತು ಒಪ್ಪಿಕೊಂಡ ಕಟ್ಟಳೆ, ಮತ್ತು ನಮ್ಮಂಥ ಬೆಳೆಗಾರರನ್ನು ಕಾಯುವುದೂ ಹೌದು.

ಕಾಯುವುದು ಹೇಗೆಂದರೆ: ವಿದೇಶದ ಅಡಕೆಗೆ ನೂರಕ್ಕೆ ನೂರು ಸುಂಕವಿದೆ. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯದು ಬರಕೂಡದೆಂದು 2023ರ ಫೆಬ್ರವರಿಯಲ್ಲಿ ಸರಕಾರದ ಆಜ್ಞೆಯಾಯಿತು. ಆಗ ಕೆಲವರು ಹುರಿದ ಅಡಕೆಯೆಂದು ಬರೆಸಿ, ಬೇರೆ ಅಂಕಿಯ ಕೆಳಗೆ ತರುವ ಹಾದಿ ಹಿಡಿದರು. 2025ರಲ್ಲಿ ಹುರಿದುದಕ್ಕೂ ಅದೇ ಬೆಲೆಯ ಕಟ್ಟು ಬಿದ್ದಿತು. ಮೆಣಸಿಗೂ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಮಿತಿ ಹಾಕಿದ್ದರು. ಇನ್ನು ನೆರೆಯ ದೇಶಗಳೊಡನೆ ಆದ ಒಪ್ಪಂದದಂತೆ ಅಲ್ಲಿಯ ಬೆಳೆಗೆ ಸುಂಕದಲ್ಲಿ ರಿಯಾಯಿತಿಯುಂಟು. ಬೇರೆಲ್ಲಿಯೋ ಬೆಳೆದುದನ್ನು ನೆರೆಯ ನೆಲದ್ದೆಂದು ಕಾಗದದಲ್ಲಿ ಬರೆಸಿದರೆ ಆ ರಿಯಾಯಿತಿಯೂ ದಕ್ಕಿತು! ಅದನ್ನು ತಡೆಯುವುದಕ್ಕೆಂದು 2020ರ ಸೆಪ್ಟೆಂಬರ್ 21ರಿಂದ ನಿಯಮ ಬಿಗಿಯಾಗಿದೆ. ಹುಟ್ಟಿದ ನೆಲದ ಪ್ರಮಾಣಪತ್ರವೊಂದೇ ಸಾಲದು. ಸರಕು ಅಲ್ಲಿಯದೇ ಹೇಗೆಂಬ ವಿವರವನ್ನು ತರಿಸುವವನೇ ತಿಳಿದಿಟ್ಟುಕೊಂಡು, ಐದು ವರ್ಷ ಕಾಪಾಡಬೇಕು. ಇಂಥ ಸುಳ್ಳು ಬರಹದ ಪೆಟ್ಟಿಗೆ ಹಿಡಿಯದೆ ಒಳಗೆ ಬಂದಷ್ಟೂ ಸಾಗರದ ಮಂಡಿಯ ಧಾರಣೆ ಇಳಿಯುತ್ತದೆ. ಅದರ ಪೆಟ್ಟು ಈ ಕೊಳದ ಕೆಳಗಿನ ಎರಡೆಕರೆ ತೋಟದವನಿಗೆ ತಗುಲುತ್ತದೆ. ಯಾವ ಬಂದರಿನಲ್ಲಿ ಯಾರು ಏನು ಬರೆದರೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಹುಟ್ಟಿದ ನೆಲದ ಮಾತು ಬಂದುದರಿಂದ ಒಂದು ವಿನೋದ. ಕೆಳದಿಯವರ ಟಂಕಸಾಲೆ ಇಕ್ಕೇರಿಯನ್ನು ಬಿಟ್ಟು ಬೇರೆಡೆಗೆ ಹೋದ ಮೇಲೂ ಅಲ್ಲಿ ಅಚ್ಚಾದ ನಾಣ್ಯವನ್ನು ಜನರು ‘ಇಕ್ಕೇರಿ ವರಹ’ವೆಂದೇ ಕರೆದರು. ಇಂದಿನ ಸುಂಕದವರು ಇದನ್ನು ಕಂಡಿದ್ದರೆ ನಾಣ್ಯದ ಚೀಲವನ್ನು ತಡೆಯುತ್ತಿದ್ದರೆಂದು ಸೋದರಳಿಯನ ಅಭಿಪ್ರಾಯ. ಚಿನ್ನದ ತೂಕ ಸರಿಯಿದ್ದರೆ ಹೆಸರಿಗೇಕೆ ಜಗಳವೆಂದು ನಾವು. ಹೆಸರೂ ಸರಿಯಿರಬೇಕೆಂದು ಅವನು. ಅಷ್ಟರಲ್ಲಿ ಪ್ರಸಾದವನ್ನು ಹಿಡಿದುಕೊಂಡು ಮನೆಯಾಕೆ ಬಂದುದರಿಂದ ವಾದವು ಅಲ್ಲಿಗೆ ನಿಂತಿತು.

ಮನೆಗೆ ಬಂದಾಗ ಸುಲಿದ ಅಡಕೆ ಅಂಗಳದಲ್ಲಿ ಹರಡಿತ್ತು. ಮೆಣಸಿನ ಕೊಯ್ಲಿಗೆ ಇನ್ನೂ ಕೆಲವು ವಾರಗಳಿವೆ. ಈ ವರ್ಷ ಏಳು ಮನೆಯವರಲ್ಲಿ ಐವರು ಮತ್ತೆ ಒಪ್ಪಿದ್ದಾರೆ. ಲೆಕ್ಕದ ಪುಸ್ತಕ ಮಾತ್ರ ನಮ್ಮ ಕೈತಪ್ಪಿ ಮನೆಯಾಕೆಯ ಕೈಗೆ ಹೋಗಿದೆ. ಅದರಲ್ಲಿ ‘ಚೀಲ ಬಿಟ್ಟು’, ‘ಚೀಲ ಸೇರಿ’ ಎಂದು ಎರಡು ಸಾಲು ಗೆರೆ ಹಾಕಿದೆ. ಖಾಲಿ ಗೋಣಿಗಳನ್ನು ಆಕೆ ಈಗಲೇ ಒಂದೊಂದಾಗಿ ತೂಗಿಸಿಟ್ಟಿದ್ದಾಳೆ. ಎಲ್ಲವೂ ಆರುನೂರು ಗ್ರಾಮು. ನಾಲ್ಕು ಮಾತ್ರ ತುಸು ಹೆಚ್ಚು ತೂಗಿದ್ದರಿಂದ ಅವನ್ನು ಬೇರೆ ಮಡಿಸಿ ಅಟ್ಟದ ಮೇಲೆ ಹಾಕಿಸಿದ್ದಾಳೆ.