ಡರ್ಬನ್‌ಗೆ ಹೊರಟಿದೆ ಗಾಲ್ಫ್ ಚೀಲ

ಸಂಕ್ರಾಂತಿಯ ಸಂಜೆ. ಎಳ್ಳು ಬೀರಿ ಬಂದ ಮೊಮ್ಮಗಳು ಜಗಲಿಯ ಮೇಲೆ ಕೂತು ಕಬ್ಬು ಜಗಿಯುತ್ತಿದ್ದಳು. ಫೋನಿನಲ್ಲಿ ಮಾತು ಮುಗಿಸಿ ಬಂದ ಮಗ, "ಅಪ್ಪ, ಮೇ ತಿಂಗಳಲ್ಲಿ ನನಗೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹತ್ತು ದಿನ ಕೆಲಸವಿದೆ. ಪುಟ್ಟಿಗೂ ಆಗ ರಜೆ. ಎಲ್ಲರೂ ಹೋಗಿಬರೋಣವೇ?" ಎಂದ.

ಅಜ್ಜಿ ಕೇಳಿದ ಪ್ರಶ್ನೆ: "ಅಲ್ಲಿ ನಮ್ಮ ಊಟ ಸಿಗುತ್ತಾ?"

ಪುಟ್ಟಿ ಕೇಳಿದ ಪ್ರಶ್ನೆ: "ಅಲ್ಲಿ ಗಾಲ್ಫ್ ಇದೆಯಾ?"

ಪುಟ್ಟಿಗೆ ಈಗ ಹನ್ನೆರಡು. ಮೂರು ವರ್ಷದಿಂದ ಮೈಸೂರಿನಲ್ಲಿ ಶನಿವಾರ, ಭಾನುವಾರ ಗಾಲ್ಫ್ ಕಲಿಯುತ್ತಿದ್ದಾಳೆ. ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ನನ್ನ ಕೆಲಸ. ಕೋಲುಗಳ ಚೀಲ ಹೊರುವುದೂ ನನ್ನದೇ ಕೆಲಸ. ನಿಜ ಹೇಳಬೇಕೆಂದರೆ ಆ ಚೀಲ ನನ್ನ ಹೆಗಲಿಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಕಾಫಿ ಸೀಮೆಯ ಒಂದು ಸಣ್ಣ ಊರಿನಲ್ಲಿ. ಊರಾಚೆ ಒಂದು ಗಾಲ್ಫ್ ಮೈದಾನವಿತ್ತು. ಪುಟ್ಟಿಯ ವಯಸ್ಸಿನಲ್ಲಿ ನಾನು ರಜಾ ದಿನಗಳಲ್ಲಿ ಅಲ್ಲಿ ತೋಟದ ಸಾಹುಕಾರರ ಚೀಲ ಹೊರುತ್ತಿದ್ದೆ. ಹಾಗೆ ಹೊರುವವರಿಗೆ ಕ್ಯಾಡಿ ಎನ್ನುತ್ತಾರೆ. ಶಾಲೆಯ ಪುಸ್ತಕದ ಖರ್ಚು ಅದರಿಂದಲೇ ನಡೆಯುತ್ತಿತ್ತು. ಕ್ಲಬ್ಬಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಕೋಲು ಹಿಡಿದು ಆಡುವ ಹಾಗೂ ಇರಲಿಲ್ಲ. ಆಮೇಲೆ ಓದಿದೆ, ಶಾಲೆಯಲ್ಲಿ ಗಣಿತದ ಮೇಷ್ಟ್ರಾದೆ, ನಿವೃತ್ತನಾದೆ. ಇಂದಿಗೂ ಒಂದು ಆಟ ಆಡಿದವನಲ್ಲ.

ಅದಿರಲಿ. ಪ್ರವಾಸವೆಂದರೆ ಮೊದಲು ತಯಾರಿ. ಮರುದಿನವೇ ಪುಟ್ಟಿ ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದು, ಮೇಲೆ 'ಡರ್ಬನ್ ಗಾಲ್ಫ್ ಪ್ರವಾಸ' ಎಂದು ಬರೆದಳು. ಮಗ ಕಚೇರಿಗೆ ಹೋದಾಗ ನಾವು ಏನೇನು ಮಾಡಬೇಕು ಎಂಬುದು ನಮ್ಮಿಬ್ಬರ ಜವಾಬ್ದಾರಿ.

ಮೊದಲ ಪುಟ: ಹವಾಮಾನ. ಡರ್ಬನ್ ಭೂಮಧ್ಯರೇಖೆಯಿಂದ ಕೆಳಗೆ, ದಕ್ಷಿಣಕ್ಕೆ ಸುಮಾರು 30 ಡಿಗ್ರಿಯಲ್ಲಿದೆ. ನಮಗೆ ಸೆಖೆ ಏರಿದಾಗ ಅವರಿಗೆ ಚಳಿಗಾಲ ಹತ್ತಿರವಾಗುತ್ತದೆ. ಅವರ ಮಳೆಗಾಲ ಅವರ ಬೇಸಿಗೆಯಲ್ಲೇ, ಅಂದರೆ ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿ. ಮೇ ಹೊತ್ತಿಗೆ ಮಳೆ ಕಡಿಮೆಯಾಗಿ ಒಳ್ಳೆಯ ಬಿಸಿಲು ಇರುತ್ತದೆ. ಹಾಗೆಂದು ಸುಡುವ ಬಿಸಿಲಲ್ಲ, ಹಗಲಿನಲ್ಲಿ 25 ಡಿಗ್ರಿಯ ಆಸುಪಾಸು. ಕರಾವಳಿಯ ಪಕ್ಕದಲ್ಲೇ ಬೆಚ್ಚಗಿನ ಸಮುದ್ರ ಪ್ರವಾಹ ಹರಿಯುವುದರಿಂದ ಚಳಿಗಾಲದಲ್ಲೂ ಅಲ್ಲಿ ಕೊರೆಯುವ ಚಳಿ ಇರುವುದಿಲ್ಲ. ಗಾಲ್ಫ್ ಆಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ?

ಆದರೆ ಒಂದು ಎಚ್ಚರಿಕೆ. ಆ ತಿಂಗಳಲ್ಲಿ ಅಲ್ಲಿ ಸಂಜೆ ಐದೂಕಾಲರ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ. 18 ಕುಳಿಗಳ ಆಟ ಮುಗಿಯಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಬೆಳಿಗ್ಗೆಯೇ ಶುರು ಮಾಡಬೇಕು. "ಬೆಳಿಗ್ಗೆ 8ಕ್ಕೆ ಮೊದಲ ಹೊಡೆತ" ಎಂದು ಪುಟ್ಟಿ ಬರೆದುಕೊಂಡಳು.

ಮಕ್ಕಳಿಗೆ ಇಲ್ಲೊಂದು ಪ್ರಶ್ನೆ. ಡರ್ಬನ್‌ನಲ್ಲಿ ಮೇ ತಿಂಗಳ ನಡುಮಧ್ಯಾಹ್ನ ನಿಂತರೆ ನಿಮ್ಮ ನೆರಳು ಯಾವ ದಿಕ್ಕಿಗೆ ಬೀಳುತ್ತದೆ? ದಕ್ಷಿಣಕ್ಕೆ! ಅಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಸಾಗುತ್ತಾನೆ. ಇನ್ನೊಂದು: ನಮ್ಮ ಮಂಗಳೂರು, ಕಾರವಾರದ ಕಡಲಲ್ಲಿ ಸೂರ್ಯ ಮುಳುಗುತ್ತಾನೆ. ಡರ್ಬನ್‌ಗೆ ಸಮುದ್ರವಿರುವುದು ಪೂರ್ವಕ್ಕೆ, ಅಲ್ಲಿ ಕಡಲಿನಿಂದ ಸೂರ್ಯ ಏಳುತ್ತಾನೆ. ಅದು ಹಿಂದೂ ಮಹಾಸಾಗರ.

ಎರಡನೆಯ ಪುಟ: ಪ್ರಯಾಣ. ನಮ್ಮಲ್ಲಿಂದ ನೇರ ವಿಮಾನ ಹಿಡಿಯದೆ, ಬೆಂಗಳೂರಿನಿಂದ ಕೊಲ್ಲಿ ದೇಶಕ್ಕೆ ಹೋಗಿ ಅಲ್ಲಿ ವಿಮಾನ ಬದಲಿಸುವುದೆಂದು ಮಗ ಗೊತ್ತುಮಾಡಿದ. ಇಳಿಯುವುದು 2010ರಲ್ಲಿ ಶುರುವಾದ ಕಿಂಗ್ ಶಾಕಾ ವಿಮಾನ ನಿಲ್ದಾಣದಲ್ಲಿ. ಶಾಕಾ ಎಂದರೆ ಜುಲು ಜನರ ಹೆಸರಾಂತ ರಾಜ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ವೀಸಾ ಬೇಕು. ಮಕ್ಕಳ ಜೊತೆ ಹೋಗುವವರು ಜನನ ಪ್ರಮಾಣಪತ್ರ ಮರೆಯಬಾರದು. ಅಜ್ಜಿಯ ಬಿಪಿ ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು.

ಮೂರನೆಯ ಪುಟ: ಗಾಲ್ಫ್ ಚೀಲ. ನಿಯಮದ ಪ್ರಕಾರ ಒಬ್ಬ ಆಟಗಾರ ಹೆಚ್ಚೆಂದರೆ 14 ಕೋಲು ಒಯ್ಯಬಹುದು. ವಿಮಾನದ ತೂಕಕ್ಕೆ ಹೆದರಿ ಪುಟ್ಟಿಯ ಚೀಲದಲ್ಲಿ ಏಳೇ ಇಟ್ಟೆವು. ತಲೆಗಳಿಗೆ ಹಳೆಯ ಟವೆಲ್ ಸುತ್ತಿ ಕಟ್ಟಿದೆ. ಚೆಂಡುಗಳು ಹಗುರ, ಒಂದೊಂದೂ 46 ಗ್ರಾಮಿಗಿಂತ ಕಡಿಮೆ. ಆದರೆ ಅಲ್ಲಿ ಪೊದೆ ಜಾಸ್ತಿಯಂತೆ, ಕಳೆದುಹೋಗುವ ಲೆಕ್ಕಕ್ಕೆ ಎರಡು ಡಜನ್ ಬೇಕೆಂದಳು. ಡರ್ಬನ್‌ನಲ್ಲಿ ಊರೊಳಗೆಲ್ಲ ಮಂಗಗಳಿವೆ ಎಂದು ಓದಿ ತಿಳಿದ ಮೇಲೆ, ತಿಂಡಿ ಡಬ್ಬಿಗೆ ಗಟ್ಟಿ ಮುಚ್ಚಳವಿರಬೇಕೆಂದೂ ಬರೆದಳು. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣು ಕಳೆದುಕೊಂಡ ಅನುಭವ ಅವಳಿಗಿದೆ.

ನಾಲ್ಕನೆಯ ಪುಟದಲ್ಲಿ ನಮ್ಮ ಕೆಲಸ ನಿಂತಿತು. ಆ ಪುಟದ ಹೆಸರು 'ಎಲ್ಲಿ ಆಡುವುದು'.

ಡರ್ಬನ್‌ನಲ್ಲಿ ಗಾಲ್ಫ್‌ಗೆ ಬರವಿಲ್ಲ. ರಾಯಲ್ ಡರ್ಬನ್ ಎಂಬ ಹಳೆಯ ಮೈದಾನ ಗ್ರೇವಿಲ್ ಕುದುರೆ ರೇಸ್ ಕೋರ್ಸಿನ ಒಳಗೇ ಇದೆ. ಸುತ್ತ ಕುದುರೆ, ನಡುವೆ ಚೆಂಡು! ಮೌಂಟ್ ಎಜ್‌ಕೂಂಬ್ ಎಂಬಲ್ಲಿ, ಹಿಂದೆ ಕಬ್ಬಿನ ಎಸ್ಟೇಟ್ ಇದ್ದ ಜಾಗದಲ್ಲಿ, ಗಾಲ್ಫ್ ಮೈದಾನಗಳಿವೆ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಡರ್ಬನ್ ಕಂಟ್ರಿ ಕ್ಲಬ್. 1922ರಲ್ಲಿ ಶುರುವಾದ ಇದು ಸಮುದ್ರದ ಬಳಿ ಮರಳು ದಿಬ್ಬಗಳ ಮೇಲಿದೆ. ನೆಲ ಅಲೆಯ ಹಾಗೆ ಏರಿಳಿಯುತ್ತದೆ. ಹತ್ತಿರದಲ್ಲೇ 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಕಟ್ಟಿದ ಮೋಸೆಸ್ ಮಭಿದಾ ಕ್ರೀಡಾಂಗಣವಿದೆ, ಅದರ ಕಮಾನು 106 ಮೀಟರ್ ಎತ್ತರ. "ತಾತ, ಇಲ್ಲೇ ಆಡೋಣ" ಎಂದು ಪುಟ್ಟಿ ಆ ಹೆಸರಿನ ಕೆಳಗೆ ಎರಡು ಗೆರೆ ಎಳೆದಳು.

ಆಮೇಲೆ ಚಿತ್ರಗಳನ್ನು ಹುಡುಕುತ್ತಾ ಕೂತವಳು ಒಂದು ಹಳೆಯ ಫೋಟೊ ಮುಂದೆ ತಡೆದಳು. "ತಾತ, ಇವರು ಕಪ್ ಗೆದ್ದಿದ್ದಾರೆ. ಯಾಕೆ ಮಳೆಯಲ್ಲಿ ನಿಂತಿದ್ದಾರೆ?"

ಅವರ ಹೆಸರು ಸ್ಯೂಸಂಕರ್ ಸ್ಯೂಗೋಲಂ. ಜನ ಕರೆಯುತ್ತಿದ್ದದ್ದು ಪಾಪ್ವಾ ಎಂದು. "ಸ್ಯೂಸಂಕರ್ ಅಂದರೆ ನಮ್ಮ ಶಿವಶಂಕರನೇ ಇರಬೇಕು" ಎಂದಳು ಅಡುಗೆಮನೆಯಿಂದ ಬಂದ ಅಜ್ಜಿ.

ಇವರ ಕಥೆಗೆ ಮೊದಲು ಇನ್ನೊಂದು ಕಥೆ ಹೇಳಬೇಕು. 1860ರ ನವೆಂಬರ್ 16ರಂದು 'ಟ್ರುರೊ' ಎಂಬ ಹಡಗು ಮದ್ರಾಸಿನಿಂದ ಡರ್ಬನ್ ತಲುಪಿತು. ಕಬ್ಬಿನ ಗದ್ದೆಯಲ್ಲಿ ದುಡಿಯಲು ಕರಾರಿನ ಮೇಲೆ ಹೋದ ನಮ್ಮ ದೇಶದ ಕೂಲಿಗಳು ಅದರಲ್ಲಿದ್ದರು. 1911ರವರೆಗೆ ಹೀಗೆ ಸುಮಾರು 1,52,000 ಜನ ಹೋದರು. ಕರಾರು ಮುಗಿದ ಮೇಲೆ ಬಹಳಷ್ಟು ಮಂದಿ ಅಲ್ಲೇ ನೆಲೆಯಾದರು. 1893ರಲ್ಲಿ ಗಾಂಧೀಜಿ ವಕೀಲರಾಗಿ ಹೋಗಿ ಇಳಿದದ್ದೂ ಇದೇ ಡರ್ಬನ್ ಬಂದರಿನಲ್ಲಿ.

ಪಾಪ್ವಾ ಅಂಥ ಬಡ ಭಾರತೀಯ ಮನೆಯ ಹುಡುಗ. ಓದು ಬರಹ ಕಲಿಯಲಾಗಲಿಲ್ಲ. ಮರದ ಕೊಂಬೆಯನ್ನೇ ಕೋಲು ಮಾಡಿಕೊಂಡು ಚೆಂಡು ಹೊಡೆಯುವುದನ್ನು ತಾನೇ ಕಲಿತ. ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾದ. ಬಲಗೈ ಆಟಗಾರರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುವುದು ರೂಢಿ. ಪಾಪ್ವಾ ಹಿಡಿಯುತ್ತಿದ್ದದ್ದು ತಿರುಗುಮುರುಗು. ನಂಬಿಕೆ ಬರದೆ ಪುಟ್ಟಿ ನನ್ನ ಛತ್ರಿ ತೆಗೆದುಕೊಂಡು ಹಾಗೇ ಹಿಡಿದು ಬೀಸಿ ನೋಡಿದಳು. ಅಜ್ಜಿಯ ಹೂದಾನಿ ಸ್ವಲ್ಪದರಲ್ಲಿ ಉಳಿಯಿತು.

ಆ ಹಿಡಿತದಲ್ಲೇ ಪಾಪ್ವಾ 1959, 1960 ಮತ್ತು 1964ರಲ್ಲಿ ಡಚ್ ಓಪನ್ ಗೆದ್ದರು. ಯುರೋಪಿನಲ್ಲಿ ಚಾಂಪಿಯನ್. ತಮ್ಮ ಊರಿನಲ್ಲಿ ಮಾತ್ರ ವರ್ಣಭೇದದ ಕಾಲ. ಚರ್ಮದ ಬಣ್ಣ ನೋಡಿ ಶಾಲೆ, ಬಸ್ಸು, ಸಮುದ್ರ ತೀರ ಎಲ್ಲವನ್ನೂ ಬೇರೆ ಬೇರೆ ಮಾಡಿದ್ದರು. 1963ರಲ್ಲಿ ಪಾಪ್ವಾ ನಟಾಲ್ ಓಪನ್ ಪಂದ್ಯಾವಳಿ ಗೆದ್ದರು. ಗೆದ್ದದ್ದು ಇದೇ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ. ಭಾರತೀಯರೆಂಬ ಕಾರಣಕ್ಕೆ ಅವರು ಕ್ಲಬ್ಬಿನ ಕಟ್ಟಡದ ಒಳಗೆ ಹೋಗುವಂತಿರಲಿಲ್ಲ. ಹೊರಗೆ ಮಳೆ. ಕಪ್ ಕೊಟ್ಟದ್ದು ಹೊರಗೇ. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು.

1965ರಲ್ಲಿ ಅವರು ನಟಾಲ್ ಓಪನ್ ಮತ್ತೆ ಗೆದ್ದರು. ಆ ಸಲ ಹಿಂದೆ ಬಿದ್ದವರಲ್ಲಿ ವಿಶ್ವವಿಖ್ಯಾತ ಗ್ಯಾರಿ ಪ್ಲೇಯರ್ ಕೂಡ ಇದ್ದರು. ಸರ್ಕಾರಕ್ಕೆ ಇದು ಸಹಿಸಲಿಲ್ಲ. ಮುಂದೆ ಬಿಳಿಯರ ಪಂದ್ಯಗಳಲ್ಲಿ ಆಡದಂತೆ ತಡೆದರು, ಪಾಸ್‌ಪೋರ್ಟೂ ಹೋಯಿತು. ಪಾಪ್ವಾ 1978ರಲ್ಲಿ ಬಡತನದಲ್ಲೇ ತೀರಿಕೊಂಡರು. ಎಲ್ಲ ಬಣ್ಣದವರೂ ಮತ ಹಾಕಿದ ಮೊದಲ ಚುನಾವಣೆ ನಡೆದದ್ದು 1994ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಓದಿ ಮುಗಿಸಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ನನ್ನೂರಿನ ಮೆಟ್ಟಿಲು ನೆನಪಾಯಿತು. ಪಾಪ್ವಾ ಪಟ್ಟದ್ದರ ಮುಂದೆ ನನ್ನದು ಏನೂ ಅಲ್ಲ, ಆದರೂ ನೆನಪಾಯಿತು. ಒಂದು ಸಲ ಮಳೆ ಬಂದಾಗ ಸಾಹುಕಾರರೆಲ್ಲ ಒಳಗೆ ಹೋದರು. ನಾವು ನಾಲ್ಕು ಹುಡುಗರು ಚೀಲ ನೆನೆಯದ ಹಾಗೆ ಮರದ ಕೆಳಗೆ ಅಪ್ಪಿಕೊಂಡು ನಿಂತಿದ್ದೆವು. ಚೀಲ ನೆನೆಯಲಿಲ್ಲ, ನಾವು ನೆನೆದೆವು. ಇದನ್ನು ಈವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಹೇಳಿದೆ.

"ಆ ಕ್ಲಬ್ಬು ಬೇಡ ಪುಟ್ಟಿ, ಬೇರೆ ಕಡೆ ಆಡೋಣ" ಎಂದೆ.

ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. "ಅವರು ಗೆದ್ದದ್ದು ಅಲ್ಲೇ ಅಲ್ವಾ ತಾತ? ಅವರು ನಡೆದ ಹುಲ್ಲು ನೋಡಬೇಕು. ಈಗ ನಾವು ಮುಂಬಾಗಿಲಲ್ಲೇ ಒಳಗೆ ಹೋಗಬಹುದು. ಹೋಗೋಣ."

ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಈ ಲೆಕ್ಕ ಅವಳೇ ಸರಿ ಮಾಡಿದಳು.

ಇನ್ನೂ ಒಂದು ಸಂಗತಿ ಸಿಕ್ಕಿತು. ಡರ್ಬನ್‌ನಲ್ಲಿ ಉಮ್ಗೆನಿ ನದಿಯ ಪಕ್ಕ ನಗರಸಭೆಯ ಒಂದು ಗಾಲ್ಫ್ ಮೈದಾನವಿದೆ. ಅದಕ್ಕೆ ಪಾಪ್ವಾ ಸ್ಯೂಗೋಲಂ ಅವರ ಹೆಸರನ್ನೇ ಇಟ್ಟಿದ್ದಾರೆ. ಪುಟ್ಟಿ ಮೊದಲು ಬರೆದದ್ದನ್ನೆಲ್ಲ ಅಳಿಸಿ ಹೊಸ ಪಟ್ಟಿ ಮಾಡಿದಳು. ಮೊದಲ ದಿನ ಪಾಪ್ವಾ ಹೆಸರಿನ ಮೈದಾನ. ಅಲ್ಲಿ ನಮ್ಮಂಥವರಿಗೆ ಆಡಲು ಅವಕಾಶ ಆಗುತ್ತದೆಯೇ ಎಂದು ಮಗನ ಮೂಲಕ ವಿಚಾರಿಸಿದ್ದೇವೆ. ಆಗದಿದ್ದರೆ ನದಿಯ ದಡದಲ್ಲಿ ನಿಂತು ನೋಡಿ, ಆಟವನ್ನು ಬೇರೆ ಮೈದಾನಕ್ಕೆ ಇಟ್ಟುಕೊಳ್ಳುತ್ತೇವೆ. ಮೂರನೆಯ ದಿನ ಕಂಟ್ರಿ ಕ್ಲಬ್. ದೊಡ್ಡ ಕ್ಲಬ್ಬುಗಳಲ್ಲಿ ಹೊರಗಿನವರು ಸಮಯ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಆಡಿದ ಅನುಭವದ ಪತ್ರ ಕೇಳುವುದೂ ಉಂಟು. ಪುಟ್ಟಿಯ ತರಬೇತುದಾರರು ಪತ್ರ ಕೊಟ್ಟಿದ್ದಾರೆ.

ನಡುವಿನ ದಿನ ಅಜ್ಜಿಯದು. ಮೌಂಟ್ ಎಜ್‌ಕೂಂಬ್‌ನಲ್ಲಿ ಕಬ್ಬಿನ ಕೂಲಿಗಳ ಕಾಲದ ಹಳೆಯ ದೇವಸ್ಥಾನಗಳಿವೆ, ಅಲ್ಲಿಗೆ ಹೋಗಬೇಕು. ಊಟದ ಚಿಂತೆಯೂ ಕಳೆಯಿತು. ಡರ್ಬನ್‌ನ ಭಾರತೀಯರು ಕಂಡುಹಿಡಿದ 'ಬನ್ನಿ ಚೌ' ಎಂಬ ತಿಂಡಿಯಿದೆ. ಹೆಸರು ಕೇಳಿ ಮೊಲ ಎಂದುಕೊಳ್ಳಬೇಡಿ! ಬ್ರೆಡ್ಡಿನ ತಿರುಳು ತೆಗೆದು ಆ ಪೊಟರೆಗೆ ಬಿಸಿ ಸಾಗು ತುಂಬಿ ಕೊಡುತ್ತಾರೆ. ಹುರುಳಿಕಾಯಿ ಬೀಜದ್ದೂ ಸಿಗುತ್ತದೆ, ಅದು ಸಸ್ಯಾಹಾರ. "ತಟ್ಟೆ ತೊಳೆಯುವ ಕೆಲಸವೇ ಇಲ್ಲ" ಎಂದು ಅಜ್ಜಿಗೆ ಬಹಳ ಇಷ್ಟವಾಯಿತು.

ಕಳೆದ ಭಾನುವಾರ ಅಭ್ಯಾಸಕ್ಕೆ ಹೋದಾಗ ಎಂದಿನಂತೆ ಚೀಲ ಹೆಗಲಿಗೇರಿಸಿದೆ. ಪುಟ್ಟಿ ಅದನ್ನು ಕಿತ್ತುಕೊಂಡು, ಒಂದು ಕೋಲು ತೆಗೆದು ನನ್ನ ಕೈಗಿಟ್ಟಳು. "ಹೊಡೀರಿ ತಾತ."

ಮೊದಲ ಹೊಡೆತ ಗಾಳಿಗೆ. ಎರಡನೆಯದು ಹುಲ್ಲಿಗೆ. ಮೂರನೆಯ ಸಲ ಚೆಂಡು ನಲವತ್ತು ಹೆಜ್ಜೆ ಉರುಳಿ ಹೋಯಿತು. ಅರವತ್ತೆಂಟರ ವಯಸ್ಸಿಗೆ ಅಷ್ಟು ಸಾಕು. "ಎಡಗೈ ಮೇಲೆ ತಾತ, ನೀವೇನು ಪಾಪ್ವಾನಾ?" ಎಂದು ಗದರಿಸಿದಳು.

ಟಿಕೆಟ್ ಬಂದಿದೆ. ವೀಸಾ ಬರಬೇಕು. ನಿನ್ನೆ ರಾತ್ರಿ ನೋಟ್‌ಬುಕ್ ತೆರೆದು ನೋಡಿದೆ. ಮೊದಲ ದಿನದ ಪುಟದಲ್ಲಿ ಪುಟ್ಟಿಯ ದುಂಡು ಅಕ್ಷರದಲ್ಲಿ ಹೀಗಿತ್ತು:

ಆಟಗಾರರು: ನಾನು, ತಾತ.
ಚೀಲ ಹೊರುವುದು: ಸರದಿಯ ಪ್ರಕಾರ.
ಮಳೆ ಬಂದರೆ: ಎಲ್ಲರೂ ಒಳಗೆ.