ಇನ್ನೊಬ್ಬ ವೈದ್ಯರ ಅಭಿಪ್ರಾಯ

ಐವಾನ್-ಎ-ಶಾಹಿಯಲ್ಲಿರುವ ನಮ್ಮ ಸೋದರಳಿಯನ ಮಿದುಳಿನಲ್ಲಿ ರಕ್ತನಾಳಗಳ ಗಂಟೊಂದು ಕಂಡುಬಂದಿತು. ಧಮನಿಯ ರಕ್ತವು ಸೂಕ್ಷ್ಮನಾಳಗಳನ್ನು ಹಾಯದೆ ನೇರವಾಗಿ ಸಿರೆಗೆ ನುಗ್ಗುವ ದೋಷವದು. ಕಲಬುರಗಿಯ ವೈದ್ಯರು ಶಸ್ತ್ರಕ್ರಿಯೆಯನ್ನು ಸೂಚಿಸಿದರು. ಇನ್ನೊಬ್ಬರನ್ನು ಕೇಳಿದರೆ ಅವರಿಗೆ ಅವಮಾನವಾದೀತೆಂದು ನಮ್ಮ ತಂಗಿಯು ಅಂಜಿದಳು. ಗಂಟು ಒಡೆದಿದ್ದರೆ ವಿಳಂಬವು ಸಲ್ಲದು. ಒಡೆಯದಿರುವಾಗ ವಿಚಾರಕ್ಕೆ ಅವಕಾಶವುಂಟಷ್ಟೆ.

ಒಡೆಯದ ಗಂಟುಳ್ಳ 223 ಮಂದಿಯನ್ನು ಕುರಿತ ‘ಅರೂಬಾ’ ಪರೀಕ್ಷೆಯು 2014ರಲ್ಲಿ ಪ್ರಕಟವಾಯಿತು. ಸರಾಸರಿ 33 ತಿಂಗಳಲ್ಲಿ, ಔಷಧೋಪಚಾರವನ್ನಷ್ಟೆ ಪಡೆದವರಲ್ಲಿ ಮರಣಕ್ಕೋ ಪಾರ್ಶ್ವವಾಯುವಿಗೋ ಈಡಾದವರು ಕಡಮೆ. ಆದರೆ ಮುಂದೆ ದೀರ್ಘಾಯುಸ್ಸಿರುವ ತರುಣನಿಗೆ ಅದೊಂದೇ ಪ್ರಮಾಣವಾಗದು.

ನಾವು ಕೇಳಿದೊಡನೆ ಆ ವೈದ್ಯರೇ ಚಿತ್ರಗಳನ್ನು ಕೊಟ್ಟು ಬೆಂಗಳೂರಿನ ನಿಮ್ಹಾನ್ಸಿಗೆ ಕಳುಹಿದರು. ಅಲ್ಲಿ ಕೇಳತಕ್ಕ ಪ್ರಶ್ನೆಗಳು ಎರಡೇ: ಸುಮ್ಮನಿದ್ದರೆ ಅಪಾಯವೆಷ್ಟು? ಶಸ್ತ್ರದಿಂದಾಗಲಿ ಗಾಮಾ ಕಿರಣದಿಂದಾಗಲಿ ಚಿಕಿತ್ಸೆ ನಡೆದರೆ ಎಷ್ಟು? ಎರಡನ್ನೂ ತೂಗಿ ನಿರ್ಧರಿಸತಕ್ಕವನು ರೋಗಿಯೇ, ನಾವು ಜೊತೆಗಿರತಕ್ಕವರು.